ಶಿವನ ಸೋಮವಾರ, ಶಾಸ್ತ್ರೀಜಿ ಸೋಮವಾರ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಸೋಮವಾರ ರಾತ್ರಿ ಊಟ ಮಾಡುವುದಿಲ್ಲ. ಯಾವ ದೇವರ ಒಪ್ಪತ್ತು ಎಂದು ಮಕ್ಕಳು ಕೇಳಿದರೆ, "ಅರ್ಧ ಶಿವಂದು, ಅರ್ಧ ಶಾಸ್ತ್ರೀಜೀದು" ಎನ್ನುತ್ತಾರೆ.

ಶಾಸ್ತ್ರೀಜಿ ಎಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿ. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಅವರು ನಮ್ಮ ಪ್ರಧಾನಿ. ದೇಶದಲ್ಲಿ ಬೆಳೆದ ಧಾನ್ಯ ಸಾಲುತ್ತಿರಲಿಲ್ಲ, ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರಬೇಕಿತ್ತು. ವಾರಕ್ಕೊಂದು ಹೊತ್ತು, ಸೋಮವಾರ ಸಂಜೆಯ ಊಟ ಬಿಡಿ ಎಂದು ಶಾಸ್ತ್ರೀಜಿ ಜನರನ್ನು ಕೇಳಿಕೊಂಡರು. ಕೇಳುವ ಮೊದಲು ತಮ್ಮ ಮನೆಯಲ್ಲೇ ಹೆಂಡತಿ ಮಕ್ಕಳೊಂದಿಗೆ ಉಪವಾಸ ಇದ್ದು ನೋಡಿದ್ದರು. ಎಷ್ಟೋ ಹೋಟೆಲುಗಳೂ ಸೋಮವಾರ ಸಂಜೆ ಬಾಗಿಲು ಹಾಕಿದವು.

ಆಗ ಅಜ್ಜಿಗೆ ಹತ್ತು ವರ್ಷ. ಮನೆ ಘಟಪ್ರಭೆಯ ದಂಡೆಯ ಹಳೇ ಊರಿನಲ್ಲಿ. ದೊಡ್ಡಣ್ಣ ಮಿಲಿಟರಿಯಲ್ಲಿದ್ದ. ಮುಂದಿನದನ್ನು ಅಜ್ಜಿಯ ಬಾಯಲ್ಲೇ ಕೇಳಬೇಕು.

"ನಮ್ಮಪ್ಪಂದು ಮೊದ್ಲ ಸೋಮವಾರ ಒಪ್ಪತ್ತಿತ್ತು. 'ನಂದು ಶಿವನ ಲೆಕ್ಕಕ್ಕ ಹೋತು, ಶಾಸ್ತ್ರೀಜಿಗೆ ಏನ್ ಕೊಡ್ಲಿ?' ಅಂದ. ಅವ್ವ ಬಿಡ್ತಾಳೇನು? 'ಹಂಗಾದ್ರ ಮಂಗಳವಾರನೂ ಬಿಡ್ರಿ' ಅಂದ್ಲು. ಅಪ್ಪ ಗಾಬರಿ ಆಗಿ, 'ಬ್ಯಾಡ ಬ್ಯಾಡ, ಇಬ್ರೂ ದೊಡ್ಡವ್ರು, ಒಂದ ದಿನಾ ಹಂಚ್ಕೋತಾರ' ಅಂದ!"

ಮಕ್ಕಳೇನು ಕಡಿಮೆ? ಸೋಮವಾರ ಮಧ್ಯಾಹ್ನವೇ ಎರಡು ರೊಟ್ಟಿ ಹೆಚ್ಚಿಗೆ ತಿಂದು ಸಂಜೆಯದನ್ನು ಸರಿದೂಗಿಸುತ್ತಿದ್ದರಂತೆ. ಕತ್ತಲಾದ ಮೇಲೆ ಚುರುಮುರಿ, ಶೇಂಗಾ, ಬೆಲ್ಲ. ಅದು ತಿಂಡಿ, ಊಟದಾಗ ಬರಂಗಿಲ್ಲ ಎಂದು ವಾದ. ಹೀಗಾದರೆ ದೇಶಕ್ಕೆ ಉಳಿದದ್ದೇನು ಎಂದು ನನಗೂ ಅನುಮಾನ! ಸಣ್ಣ ತಮ್ಮನಂತೂ ಪ್ರತಿ ವಾರ ಕೇಳುತ್ತಿದ್ದ: "ಯವ್ವಾ, ನಾ ಬಿಟ್ಟ ರೊಟ್ಟಿ ಅಣ್ಣಗ ಮುಟ್ಟತೈತೇನು?"

ಅವ್ವ ನಗುತ್ತಿರಲಿಲ್ಲ. ಅಣ್ಣನ ಕಾಗದ ಬಂದು ಬಹಳ ದಿನವಾಗಿತ್ತು. ಮಧ್ಯಾಹ್ನ ಮಕ್ಕಳ ತಾಟಿಗೆ ಬಿದ್ದ ಹೆಚ್ಚಿನ ರೊಟ್ಟಿ ಯಾರ ಪಾಲಿನದು ಎಂದು ಅಜ್ಜಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಯುದ್ಧ ನಿಂತಿತು. ಆಮೇಲೊಂದು ಸೋಮವಾರ ಕಾಗದ ಬಂತು. ಅಪ್ಪ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದ. ಆರಾಮ ಇದ್ದೇನೆ, ನಮಗೆ ಸೋಮವಾರವೂ ಎರಡು ಹೊತ್ತು ಊಟ ಹಾಕುತ್ತಾರೆ, ಚಿಂತೆ ಮಾಡಬೇಡಿ ಎಂದಿತ್ತು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮನನ್ನು ಕರೆದಳು. "ಕೇಳಿದ್ಯಾ? ನಿನ್ನ ರೊಟ್ಟಿ ಮುಟ್ಟೇತಿ."

ಅವನು ತಕ್ಷಣ ಕೇಳಿದನಂತೆ: "ಹಂಗಾದ್ರ ಇವತ್ತು ಒಲಿ ಹಚ್ತೀಯೇನು?"