ಮನೆಯೇ ಪಾಠಶಾಲೆಯಾದರೆ ಕಾನೂನು ಏನು ಹೇಳುತ್ತದೆ?

ಸಕಲೇಶಪುರ: ಜುಲೈ ತಿಂಗಳು ಬಂತೆಂದರೆ ಹಾನುಬಾಳು, ಹೆತ್ತೂರು, ಯಸಳೂರು ಹೋಬಳಿಗಳ ಮಕ್ಕಳಿಗೆ ಮಳೆ ರಜೆ ಹೊಸದೇನಲ್ಲ. ಹಳ್ಳ ಉಕ್ಕುತ್ತದೆ, ರಸ್ತೆಗೆ ಮರ ಉರುಳುತ್ತದೆ, ವಿದ್ಯುತ್ ಇರುವುದಿಲ್ಲ. ಮಳೆ ನಿಂತ ಮೇಲೆ ಕಾಡಾನೆಗಳ ಸರದಿ. ಆಲೂರು ಭಾಗದ ತೋಟಗಳಲ್ಲಿ ಹಿಂಡು ಬೀಡುಬಿಟ್ಟ ದಿನ ಮಕ್ಕಳನ್ನು ಶಾಲಾ ವಾಹನ ನಿಲ್ಲುವ ತಿರುವಿನವರೆಗೆ ನಡೆಸಿ ಕಳುಹಿಸಲು ಯಾವ ತಾಯಿಗೂ ಧೈರ್ಯ ಬಾರದು. ಹತ್ತಿರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಕಳುಹಿಸೋಣವೆಂದರೆ ಅಲ್ಲಿ ಬೆರಳೆಣಿಕೆಯ ಮಕ್ಕಳು, ಕೆಲವೆಡೆ ಒಬ್ಬರೇ ಶಿಕ್ಷಕರು. ಪಟ್ಟಣದ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿದರೆ ಮಗುವಿನ ದಿನದ ಎರಡು ಮೂರು ಗಂಟೆ ಘಟ್ಟದ ತಿರುವುಗಳಲ್ಲೇ ಕಳೆಯುತ್ತದೆ.

ಇಂಥ ಪರಿಸ್ಥಿತಿಯಲ್ಲಿ ‘ಇಷ್ಟೆಲ್ಲ ಕಷ್ಟಪಡುವ ಬದಲು ಮನೆಯಲ್ಲೇ ಓದಿಸಿದರೇನು?’ ಎಂಬ ಪ್ರಶ್ನೆ ಏಳುವುದು ಸಹಜ. ನಗರದ ಉದ್ಯೋಗ ತೊರೆದು ತೋಟ ಹಿಡಿಯುವವರು ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಕೇಳುತ್ತಾರೆ. ಅವರಿಗೆ ದೂರಕ್ಕಿಂತ ಶಾಲೆಯ ಗಂಟೆ, ಅಂಕ, ಪೈಪೋಟಿಗಳ ಬಗ್ಗೆಯೇ ತಕರಾರು. ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿಯೇ ಪತ್ರಿಕೆ ಆರಂಭಿಸಿದಾಗಿನಿಂದ ‘ಹೋಂಸ್ಕೂಲಿಂಗ್’ ಎಂಬ ಪದ ಜಗತ್ತನ್ನು ಸುತ್ತುತ್ತಿದೆ. ಭಾರತದಲ್ಲಿಯೂ ಇಂಥ ಕುಟುಂಬಗಳು ‘ಸ್ವಶಿಕ್ಷಣ’ ಎಂಬ ಹೆಸರಿನಲ್ಲಿ ಸಂಘಟಿತವಾಗಿವೆ. ಆದರೆ ಎಲ್ಲಿಯೇ ಸೇರಲಿ, ಪಠ್ಯ, ವೇಳಾಪಟ್ಟಿಗಳ ಮಾತು ಮುಗಿಯುವ ಮುನ್ನವೇ ಪೋಷಕರ ನಡುವೆ ಕಾನೂನಿನ ಮಾತು ಬಂದೇ ಬರುತ್ತದೆ: ಇದು ಅಪರಾಧವೇ? ಬಿಇಓ ಕಚೇರಿಯವರು ಬಂದರೆ ಏನು ಹೇಳುವುದು? ನಾಳೆ ಕಾಲೇಜಿನವರು ಶಾಲೆಯ ದಾಖಲೆ ಕೇಳಿದರೆ?

ಮಲೆನಾಡಿಗೆ ಮನೆಪಾಠ ಹೊಸತಲ್ಲ

ಮನೆಯಲ್ಲಿ ಅಕ್ಷರ ಕಲಿಸುವುದು ಈ ಗುಡ್ಡಗಾಡಿಗೆ ಪರದೇಶದಿಂದ ಬಂದ ಪದ್ಧತಿಯೇನೂ ಅಲ್ಲ. ಸರ್ಕಾರಿ ಶಾಲೆಗಳು ಊರೂರಿಗೆ ಬರುವ ಮೊದಲು ಮಲೆನಾಡಿನ ಅನುಕೂಲಸ್ಥ ಮನೆತನಗಳು ದಕ್ಷಿಣ ಕನ್ನಡದಿಂದ ‘ಐಗಳ’ನ್ನು ಕರೆಸಿ, ಮನೆಯಲ್ಲೇ ಇರಿಸಿಕೊಂಡು, ನಂಟರಿಷ್ಟರ ಮಕ್ಕಳನ್ನೂ ಸೇರಿಸಿ ಪಾಠ ಹೇಳಿಸುತ್ತಿದ್ದವು. ಕುವೆಂಪು ಅವರ ಮೊದಲ ಪಾಠಗಳು ನಡೆದದ್ದು ಕುಪ್ಪಳಿಯ ಮನೆಯಲ್ಲಿ, ಹಾಗೆ ಬಂದ ಉಪಾಧ್ಯಾಯರ ಬಳಿಯೇ. ತೀರ್ಥಹಳ್ಳಿಯ ಶಾಲೆ ಆಮೇಲಿನದು.

ಘಟ್ಟದ ಕೆಳಗಿನ ಪುತ್ತೂರಿನಲ್ಲಿ ಡಾ. ಶಿವರಾಮ ಕಾರಂತರು ಮಾಡಿದ್ದು ಇನ್ನೂ ಸ್ಪಷ್ಟವಾದ ಪ್ರಯೋಗ. ಮಕ್ಕಳ ಶಿಕ್ಷಣ ಕುರಿತು ಬಾಲವನದಲ್ಲಿ ಪ್ರಯೋಗಗಳನ್ನು ನಡೆಸಿದ, ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ರಚಿಸಿದ ಕಾರಂತರು ತಮ್ಮ ಸ್ವಂತ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಯಲು ಬಿಟ್ಟರು. ಹಾಗೆ ಕಲಿತ ಪುತ್ರ ಉಲ್ಲಾಸ ಕಾರಂತರು ಮುಂದೆ ಎಂಜಿನಿಯರಿಂಗ್ ಪದವಿ ಪಡೆದು, ಹುಲಿ ಸಂಶೋಧನೆಯಲ್ಲಿ ಜಾಗತಿಕ ಹೆಸರಾದರು. ಮನೆಶಿಕ್ಷಣದ ಸಮರ್ಥಕರು ಈ ಉದಾಹರಣೆಯನ್ನು ಉತ್ಸಾಹದಿಂದ ಮುಂದಿಡಬಹುದು. ಆದರೆ ಎಲ್ಲ ಮನೆಯಲ್ಲಿಯೂ ಕಾರಂತರಿರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಅದೂ ಅಲ್ಲದೆ, ಆಗ ಶಾಲೆಗೆ ಸೇರಿಸಿ ಎಂದು ದೇಶದ ಎಲ್ಲ ತಂದೆತಾಯಿಗಳಿಗೆ ಹೇಳುವ ಕೇಂದ್ರ ಕಾನೂನು ಇರಲಿಲ್ಲ. ಈಗ ಇದೆ.

ಕಾಯ್ದೆಯ ಅಕ್ಷರ, ಸರ್ಕಾರದ ಮಾತು

2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದನ್ನು ಜಾರಿಗೊಳಿಸಲು ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಮತ್ತು ಕಡ್ಡಾಯ ಶಿಕ್ಷಣ ಪಡೆಯುವ ಹಕ್ಕಿದೆ ಎಂದು ಅದರ 3ನೇ ಕಲಂ ಹೇಳುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿ ಅಥವಾ ಪೋಷಕರ ಕರ್ತವ್ಯ ಎನ್ನುತ್ತದೆ 10ನೇ ಕಲಂ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಕರ್ತವ್ಯ ಪಾಲಿಸದ ಪೋಷಕರಿಗೆ ಕಾಯ್ದೆಯಲ್ಲಿ ದಂಡವಾಗಲಿ, ಸೆರೆವಾಸವಾಗಲಿ ಇಲ್ಲ. ‘ಕಡ್ಡಾಯ’ ಎಂಬ ಪದವನ್ನು 8ನೇ ಕಲಂ ವಿವರಿಸುವಾಗ ಹೊಣೆಯನ್ನು ಹೊರಿಸುವುದು ಸರ್ಕಾರದ ಮೇಲೆ: ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣದ ಪೂರೈಕೆಯನ್ನು ಸರ್ಕಾರ ಖಾತರಿಪಡಿಸಬೇಕು. ಎರಡನೆಯದಾಗಿ, ಅದೇ 86ನೇ ತಿದ್ದುಪಡಿ ಪೋಷಕರಿಗೆ ವಿಧಿಸಿದ ಮೂಲಭೂತ ಕರ್ತವ್ಯದಲ್ಲಿ, ಅಂದರೆ 51ಎ(ಕೆ) ವಿಧಿಯಲ್ಲಿ, ‘ಶಾಲೆ’ ಎಂಬ ಪದವೇ ಇಲ್ಲ. ಮಗುವಿಗೆ ಶಿಕ್ಷಣದ ಅವಕಾಶ ಒದಗಿಸಬೇಕು ಎಂದಷ್ಟೇ ಇದೆ. ಮನೆಶಿಕ್ಷಣದ ಪರ ವಾದಿಸುವವರು ಆಧಾರವಾಗಿ ಹಿಡಿಯುವುದು ಈ ಎಳೆಯನ್ನೇ.

ಎದುರು ವಾದವೂ ಬಲವಾಗಿಯೇ ಇದೆ. 1960ರ ದೆಹಲಿ ಪ್ರಾಥಮಿಕ ಶಿಕ್ಷಣ ಕಾಯ್ದೆಯಂಥ ಹಳೆಯ ಕಾನೂನುಗಳಲ್ಲಿ, ಮಗು ಬೇರೆ ರೀತಿಯಲ್ಲಿ ತೃಪ್ತಿಕರ ಶಿಕ್ಷಣ ಪಡೆಯುತ್ತಿದೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಶಾಲೆಗೆ ಗೈರುಹಾಜರಾಗಲು ಅದು ಸಕಾರಣವಾಗುತ್ತಿತ್ತು. 2009ರ ಕಾಯ್ದೆ ಅಂಥ ಬಾಗಿಲನ್ನು ಇಟ್ಟಿಲ್ಲ. ಅದರಲ್ಲಿ ಮನೆ ಆಧಾರಿತ ಶಿಕ್ಷಣದ ಪ್ರಸ್ತಾಪ ಬರುವುದು 2012ರ ತಿದ್ದುಪಡಿಯಲ್ಲಿ, ಅದೂ ಬಹುವಿಧ ಅಥವಾ ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮಾತ್ರ. ಒಂದು ವರ್ಗಕ್ಕೆ ಹೆಸರಿಸಿ ಕೊಟ್ಟದ್ದನ್ನು ಉಳಿದವರಿಗೆ ಕೊಟ್ಟಿಲ್ಲವೆಂದೇ ಓದಿಕೊಳ್ಳಬೇಕು ಎನ್ನುವ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಸರ್ಕಾರದ ನಿಲುವೂ ಒಂದೇ ಕಡೆ ನಿಂತಿಲ್ಲ. ಮನೆಶಿಕ್ಷಣ ಪಡೆಯುತ್ತಿದ್ದ ಬಾಲಕಿಯೊಬ್ಬಳ ಹೆಸರಿನಲ್ಲಿ ದೆಹಲಿ ಹೈಕೋರ್ಟ್‌ಗೆ ಸಲ್ಲಿಕೆಯಾಗಿದ್ದ ಅರ್ಜಿಗೆ ಸಂಬಂಧಿಸಿ 2012ರಲ್ಲಿ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ ಅಫಿಡವಿಟ್ ಸಲ್ಲಿಸಿತು. ಸ್ವಇಚ್ಛೆಯಿಂದ ಇಂಥ ಪದ್ಧತಿಯನ್ನು ಆಯ್ದುಕೊಂಡ ಪೋಷಕರು ಮುಂದುವರಿಯಬಹುದು, ಕಾಯ್ದೆ ಅದಕ್ಕೆ ಅಡ್ಡಿಯಲ್ಲ ಎಂಬುದು ಅದರ ಸಾರಾಂಶ. ಆ ಬಳಿಕ ಸಚಿವಾಲಯ ಈ ಮಾತಿನಿಂದ ಹಿಂದೆ ಸರಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮುಕ್ತ ಶಾಲೆಯನ್ನು ಬಲಪಡಿಸುವ ಮಾತಾಡಿತೇ ಹೊರತು ಮನೆಶಿಕ್ಷಣಕ್ಕೆ ಕಾನೂನಿನ ಚೌಕಟ್ಟು ಕೊಡಲಿಲ್ಲ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ ಮಗು ಶಾಲೆಯಲ್ಲಿಯೋ ಅಥವಾ ಬೇರೆ ವಿಧದಲ್ಲಿಯೋ ಕಲಿಯಬಹುದು ಎಂದು ಸ್ಪಷ್ಟಪಡಿಸುತ್ತದೆ. ಜರ್ಮನಿ ಬಹುತೇಕ ಸಂದರ್ಭಗಳಲ್ಲಿ ಬೇಡವೆನ್ನುತ್ತದೆ. ನಮ್ಮಲ್ಲಿ ಇರುವುದು ಎರಡೂ ಅಲ್ಲ. ಸಹಿಸಿಕೊಳ್ಳಲಾಗುತ್ತಿದೆ, ಅಷ್ಟೇ. ಸಹನೆಯನ್ನೇ ಹಕ್ಕೆಂದು ಭಾವಿಸಿದವರಿಗೆ ತೊಂದರೆ ಕಾದಿರುತ್ತದೆ.

ಲೈನ್ ಮನೆಯ ಮಗು

ಹಾಗಾದರೆ ಕಾಯ್ದೆಗೆ ಒಂದು ಸಾಲಿನ ವಿನಾಯಿತಿ ಸೇರಿಸಲು ಏನು ಅಡ್ಡಿ? ಈ ಪ್ರಶ್ನೆಗೆ ಉತ್ತರ ಇದೇ ತಾಲ್ಲೂಕಿನ ಕಾಫಿ ತೋಟಗಳಲ್ಲಿದೆ. ಕೊಯ್ಲಿನ ದಿನಗಳಲ್ಲಿ ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯಿಂದಲೂ, ರಾಜ್ಯದ ಬಯಲುಸೀಮೆಯಿಂದಲೂ ಬರುವ ಕಾರ್ಮಿಕ ಕುಟುಂಬಗಳು ಲೈನ್ ಮನೆಗಳಲ್ಲಿ ಇಳಿಯುತ್ತವೆ. ಜೊತೆಗೆ ಬಂದ ಮಕ್ಕಳು ಊರಿನ ಶಾಲೆಯನ್ನು ಅರ್ಧಕ್ಕೆ ಬಿಟ್ಟಿರುತ್ತಾರೆ. ಇಲ್ಲಿನ ಶಾಲೆಯ ಭಾಷೆ ತಿಳಿಯದು. ಕಡ್ಡಾಯ ಶಿಕ್ಷಣದ ಕಾನೂನು ಮುಖ್ಯವಾಗಿ ರೂಪುಗೊಂಡದ್ದು ಇಂಥ ಮಕ್ಕಳಿಗಾಗಿ. ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತು ಪತ್ರಿಕಾ ವರದಿ ಆಧರಿಸಿ 2013ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡದ್ದೂ ಇಂಥವರನ್ನು ನೆನೆದೇ. ‘ಮನೆಯಲ್ಲೇ ಓದಿಸುತ್ತಿದ್ದೇವೆ’ ಎಂಬ ಒಂದು ಮಾತು ಅಧಿಕಾರಿಯನ್ನು ಬಾಗಿಲಿನಿಂದಲೇ ವಾಪಸು ಕಳುಹಿಸಬಲ್ಲದಾದರೆ, ಆ ಮಾತನ್ನು ದುಡಿಸಿಕೊಳ್ಳುವವನೂ ಆಡುತ್ತಾನೆ. ಆದ್ದರಿಂದ ಪರಿಶೀಲನೆಯಿಲ್ಲದ ವಿನಾಯಿತಿ ಬೇಡ ಎನ್ನುವವರ ಆತಂಕ ಕೇವಲ ಅಧಿಕಾರಶಾಹಿಯ ಹಟವಲ್ಲ.

ತೋಟದ ಮಾಲೀಕರಿಗೂ ಇಲ್ಲೊಂದು ಎಚ್ಚರಿಕೆಯ ಅಂಶವಿದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದೆ. ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ನೆರವಾಗಲು ಅವಕಾಶವಿದ್ದರೂ ಅದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ. ಶಾಲೆಗೇ ಹೋಗದ ಮಗುವಿಗೆ ‘ಶಾಲಾ ಅವಧಿಯ ನಂತರ’ ಎಂಬುದು ಯಾವಾಗ? ಕೆಲಸದ ಮೂಲಕ ಕಲಿಕೆ ಎಂಬ ತತ್ತ್ವ ಎಷ್ಟೇ ಚೆನ್ನಾಗಿದ್ದರೂ, ಡಿಸೆಂಬರ್ ತಿಂಗಳ ಹಗಲಿನಲ್ಲಿ ಮಗುವಿನ ಕೈಯಲ್ಲಿ ಹಣ್ಣು ಕೊಯ್ಯುವ ಚೀಲವಿದ್ದರೆ ಅಧಿಕಾರಿಗೆ ಕಾಣುವುದು ಚೀಲವೇ.

ಕುಟುಂಬಗಳು ಒಟ್ಟುಗೂಡಿದಾಗ

ಒಂಟಿ ಮನೆಗಳ ಈ ಸೀಮೆಯಲ್ಲಿ ಮನೆಶಿಕ್ಷಣದ ದೊಡ್ಡ ಕೊರತೆ ಸಂಗಾತಿಗಳದ್ದು. ಒಬ್ಬರು ಗಣಿತ, ಇನ್ನೊಬ್ಬರು ಕನ್ನಡ ಎಂದು ಹಂಚಿಕೊಂಡು, ವಾರಕ್ಕೆರಡು ದಿನ ಮಕ್ಕಳನ್ನು ಒಂದೆಡೆ ಸೇರಿಸುವುದು, ಪುಸ್ತಕ ವಿನಿಮಯ, ಮಂಜರಾಬಾದ್ ಕೋಟೆಗೋ ಹೊಳೆಗೋ ಒಟ್ಟಾಗಿ ಹೋಗಿ ಬರುವುದು ಇದಕ್ಕೆ ಸಾಮಾನ್ಯ ಪರಿಹಾರ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಗುಂಪು ಬಾಡಿಗೆ ಮನೆ ಹಿಡಿದು, ಸಂಬಳದ ಶಿಕ್ಷಕರನ್ನು ನೇಮಿಸಿ, ಶುಲ್ಕ ಪಡೆದು ದಿನವೂ ನಡೆಯತೊಡಗಿದರೆ ಅದನ್ನು ಇಲಾಖೆ ಶಾಲೆಯೆಂದು ಪರಿಗಣಿಸಬಹುದು. ಮಾನ್ಯತೆಯಿಲ್ಲದೆ ಶಾಲೆ ನಡೆಸುವುದನ್ನು ಆರ್‌ಟಿಇ 18ನೇ ಕಲಂ ನಿಷೇಧಿಸುತ್ತದೆ. ದಂಡ ₹1 ಲಕ್ಷದವರೆಗೆ, ಮುಂದುವರಿಸಿದರೆ ದಿನಕ್ಕೆ ₹10 ಸಾವಿರ. ಪೋಷಕರಿಗೆ ದಂಡವಿಲ್ಲದ ಕಾಯ್ದೆಯಲ್ಲಿ ದಂಡ ಇರುವುದು ಇಲ್ಲಿ.

ಗ್ರಾಮ ಪಂಚಾಯಿತಿಯಂಥ ಸ್ಥಳೀಯ ಪ್ರಾಧಿಕಾರ ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡಬೇಕೆಂದು 9ನೇ ಕಲಂ ಹೇಳುತ್ತದೆ. ಶಾಲೆಯಿಂದ ವರ್ಗಾವಣೆ ಪತ್ರ ಪಡೆದ ಮಗು ಬೇರೆಲ್ಲಿಯೂ ದಾಖಲಾಗದಿದ್ದರೆ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ‘ಸ್ಯಾಟ್ಸ್’ನಲ್ಲಿ ಅದು ಖಾಲಿ ಜಾಗವಾಗಿ ಕಾಣುತ್ತದೆ. ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ವಿಚಾರಿಸಲು ಬರುವುದು ಅವರ ಕರ್ತವ್ಯ. ಬಂದವರೊಡನೆ ಜಗಳಕ್ಕೆ ನಿಲ್ಲುವ ಬದಲು ಮಗು ಓದಿದ ಪುಸ್ತಕ, ಬರೆದ ನೋಟ್‌ಬುಕ್, ದಿನಚರಿ ತೋರಿಸುವುದೇ ವಿವೇಕ. ಈ ದಾಖಲೆಗಳಿಗೆ ಕಾನೂನಿನ ಮುದ್ರೆ ಇಲ್ಲ, ಆದರೆ ಮಗು ಕಲಿಯುತ್ತಿದೆ ಎಂಬುದಕ್ಕೆ ಕಣ್ಣಮುಂದಿನ ಸಾಕ್ಷಿ ಅದೊಂದೇ.

ಕಾಗದಪತ್ರಗಳ ಘಟ್ಟ

ಹತ್ತನೇ ತರಗತಿಯ ಪ್ರಮಾಣಪತ್ರ ಪಡೆಯುವುದು ಹಲವರು ಅಂಜುವಷ್ಟು ಕಷ್ಟವಲ್ಲ. ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ, ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ಎನಿಸಿಕೊಂಡಿರುವ ಸಂಸ್ಥೆ ಪ್ರೌಢ ಹಂತಕ್ಕೆ 14 ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತದೆ. ಎಂಟನೇ ತರಗತಿಯ ಪ್ರಮಾಣಪತ್ರ ಇಲ್ಲದವರು, ಈ ಹಂತಕ್ಕೆ ಬೇಕಾದಷ್ಟು ಓದಿದ್ದೇನೆ ಎಂದು ಸ್ವತಃ ದೃಢೀಕರಿಸಿದರೂ ಸಾಕು. ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆ ಬರೆದು ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ನಿಗದಿತ ವಯಸ್ಸು ತುಂಬಿದವರು ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೂ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು.

ನಿಜವಾದ ಏರು ಇರುವುದು ಅದರಾಚೆ, ವೃತ್ತಿ ಶಿಕ್ಷಣದ ಸೀಟು ಹಂಚಿಕೆಯಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು ಬಹುಪಾಲು ಅಭ್ಯರ್ಥಿಗಳು ಆಧರಿಸುವ ನಿಯಮವೆಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು ಎಂಬುದು. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಶಾಲೆಯೇ ಇಲ್ಲದಿದ್ದರೆ ಸಹಿ ಹಾಕುವವರು ಯಾರು? ಪೋಷಕರ ವ್ಯಾಸಂಗ, ವಾಸಸ್ಥಳ ಮುಂತಾದವನ್ನು ಆಧರಿಸಿದ ಬೇರೆ ಅರ್ಹತಾ ಕಲಂಗಳೂ ಇವೆ. ತಮ್ಮ ಮಗು ಯಾವುದರಡಿ ಬರುತ್ತದೆ ಎಂಬುದನ್ನು ಮಗುವಿಗೆ ಹದಿನೇಳಾದಾಗ ಅಲ್ಲ, ಏಳಾದಾಗಲೇ ಓದಿಕೊಳ್ಳಬೇಕು.

ಆಲೂರು, ಸಕಲೇಶಪುರದ ಹಳ್ಳಿಗಳ ಪೋಷಕರಿಗೆ ಇದರಲ್ಲಿ ಇನ್ನೂ ದೊಡ್ಡ ನಷ್ಟವೊಂದು ಅಡಗಿದೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15 ಹಾಗೂ ಕನ್ನಡ ಮಾಧ್ಯಮದವರಿಗೆ ಶೇ 5 ಸೀಟುಗಳ ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ದಾಖಲೆ ತೋರಿಸಿದವರಿಗಷ್ಟೇ ಅದು ದಕ್ಕುತ್ತದೆ. ಹೆತ್ತೂರಿನ ಕಾಡಂಚಿನ ಮನೆಯಲ್ಲೇ ಹುಟ್ಟಿ, ಅಲ್ಲೇ ಕನ್ನಡದಲ್ಲೇ ಕಲಿತ ಮಗುವಾದರೂ, ಶಾಲೆಯ ದಾಖಲೆ ಇಲ್ಲದಿದ್ದರೆ ಈ ಲೆಕ್ಕದಲ್ಲಿ ಅದು ಗ್ರಾಮೀಣವೂ ಅಲ್ಲ, ಕನ್ನಡ ಮಾಧ್ಯಮವೂ ಅಲ್ಲ. ನಗರದಿಂದ ಬಂದ, ಖಾಸಗಿ ವಿಶ್ವವಿದ್ಯಾಲಯದ ಶುಲ್ಕ ಭರಿಸಬಲ್ಲ ಕುಟುಂಬಕ್ಕೆ ಇದು ದೊಡ್ಡ ಸಂಗತಿಯಾಗದಿರಬಹುದು. ಎರಡೆಕರೆ ತೋಟದ ಬೆಳೆಗಾರನಿಗೆ ಹಾಗಲ್ಲ.

ಮನೆಶಿಕ್ಷಣ ಒಗ್ಗದಿದ್ದರೆ ವಾಪಸಾಗುವ ದಾರಿ ಮಾತ್ರ ಕಾಯ್ದೆಯಲ್ಲಿ ಅಗಲವಾಗಿಯೇ ಇದೆ. ಶಾಲೆಗೆ ಸೇರದ ಅಥವಾ ಅರ್ಧಕ್ಕೆ ಬಿಟ್ಟ ಮಗುವನ್ನು 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಜೂನ್ ಕಳೆದು ದಾಖಲಾತಿಯ ಅವಧಿ ಮುಗಿದಿದೆಯೆಂದಾಗಲಿ ನೆರೆಹೊರೆಯ ಶಾಲೆ ಬಾಗಿಲು ಹಾಕುವಂತಿಲ್ಲ. ಹಾಗೆ ಸೇರಿದ ಮಗುವಿಗೆ 14 ತುಂಬಿದ ಮೇಲೂ ಎಂಟನೇ ತರಗತಿ ಮುಗಿಯುವವರೆಗೆ ಶಿಕ್ಷಣ ಉಚಿತ. ಲೈನ್ ಮನೆಯ ಮಗುವಿಗೂ ಇದೇ ನಿಯಮ.