'ಡಿಸೆಂಬರ್-1': ರೊಟ್ಟಿ ಮಾರುವವಳ ಮನೆಯೂ ಕಾನೂನಿನ ಒಂದು ಕಲಮೂ

ಮುಖ್ಯಮಂತ್ರಿಗಳು ಬಡವನ ಮನೆಯಲ್ಲಿ ಒಂದು ರಾತ್ರಿ ತಂಗಿದರೆ ಆ ಮನೆಗೆ ಭಾಗ್ಯ ಬಂತೆಂದು ಊರು ಭಾವಿಸುತ್ತದೆ. ಪಿ. ಶೇಷಾದ್ರಿ ನಿರ್ದೇಶನದ 'ಡಿಸೆಂಬರ್-1' (2014) ಚಿತ್ರದಲ್ಲಿ ನಡೆಯುವುದು ಅದಕ್ಕೆ ವಿರುದ್ಧವಾದದ್ದು. ಹಿಟ್ಟಿನ ಗಿರಣಿಯಲ್ಲಿ ದುಡಿಯುವ ಮಾದೇವಪ್ಪ, ರೊಟ್ಟಿ ಮಾರುವ ದೇವಕ್ಕ ದಂಪತಿಯ ಮನೆಗೆ ಗ್ರಾಮವಾಸ್ತವ್ಯ ಬರುತ್ತದೆ. ಅದರ ಬೆನ್ನಿಗೇ ಎಚ್‌ಐವಿಯ ಸುದ್ದಿ ಬಯಲಾಗಿ, ಊರು ಆ ಮನೆಯಿಂದ ದೂರ ಸರಿಯುತ್ತದೆ. ಶೀರ್ಷಿಕೆಯ ದಿನಾಂಕ ವಿಶ್ವ ಏಡ್ಸ್ ದಿನದ್ದು. 61ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಹಾಗೂ ಅತ್ಯುತ್ತಮ ಸ್ವತಂತ್ರ ಚಿತ್ರಕಥೆಯ ಗೌರವ ಇದಕ್ಕೆ ಸಂದವು.

ಕಥೆಗೆ ಬೆಂಗಳೂರಿನ ಹಂಗಿಲ್ಲ. ಜೋಳದ ರೊಟ್ಟಿಯೇ ಊಟವಾಗಿರುವ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯವರಿಗೆ ದೇವಕ್ಕನ ಕಸುಬು ಅಪರಿಚಿತವಲ್ಲ. ರೊಟ್ಟಿಯಿಂದಾಗಲೀ, ಒಂದೇ ತಟ್ಟೆಯ ಊಟದಿಂದಾಗಲೀ, ಮುಟ್ಟಿದರಾಗಲೀ ಸೋಂಕು ಹರಡದು. ಸರ್ಕಾರ 2004ರ ಏಪ್ರಿಲ್‌ನಿಂದ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಅವನ್ನು ತಪ್ಪದೆ ನುಂಗಿ ರಕ್ತದಲ್ಲಿನ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದರೆ, ದಾಂಪತ್ಯದಲ್ಲಿ ಸಂಗಾತಿಗೂ ಸೋಂಕು ದಾಟುವುದಿಲ್ಲ. ಆದರೂ ಹಳ್ಳಿಯಿಂದ ನಗರದ ಆಸ್ಪತ್ರೆಗೆ ಮಾತ್ರೆಗಾಗಿ ಬಸ್ ಹತ್ತುವವರಿಗೆ ಕಾಯಿಲೆಗಿಂತ ದೊಡ್ಡ ಚಿಂತೆ, ಪಕ್ಕದ ಸೀಟಿನಲ್ಲಿ ಊರಿನವರು ಯಾರಾದರೂ ಕುಳಿತಿರುವರೇ ಎಂಬುದು.

ಚಿತ್ರ ಬಂದಾಗ ಇಲ್ಲದಿದ್ದ ರಕ್ಷಣೆಯೊಂದು ಈಗ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ; ತನ್ನ ಸೋಂಕಿನ ವಿಷಯ ಹೇಳೆಂದು, ಕಾಯ್ದೆ ಹೇಳಿದ ಕೆಲವು ಸಂದರ್ಭಗಳ ಹೊರತು, ಯಾರನ್ನೂ ಒತ್ತಾಯಿಸುವಂತಿಲ್ಲ. ಶಾಲೆ, ಉದ್ಯೋಗ, ಬಾಡಿಗೆ ಮನೆಗಳಲ್ಲಿ ಭೇದ ಮಾಡುವುದಕ್ಕೂ ನಿಷೇಧವಿದೆ.

ಇವೆಲ್ಲಕ್ಕಿಂತ ಮನ ಕಲಕುವುದು 32ನೇ ಕಲಮು. ತಂದೆತಾಯಿ ಹಾಸಿಗೆ ಹಿಡಿದಾಗ ಮನೆಯ ಹಿರಿಯ ಮಗುವೇ ಯಜಮಾನನಾಗುವುದು ನಮ್ಮಲ್ಲಿ ಹೊಸತಲ್ಲ. ಕಾನೂನು ಅದನ್ನು ಒಪ್ಪಿಕೊಂಡದ್ದು ಹೊಸತು. ಬಾಧಿತ ಕುಟುಂಬವನ್ನು ನಡೆಸುತ್ತಿರುವ, ಸಾಕಷ್ಟು ತಿಳಿವಳಿಕೆಯುಳ್ಳ 12ರಿಂದ 18ರೊಳಗಿನ ಹುಡುಗನೋ ಹುಡುಗಿಯೋ ತನ್ನ ಒಡಹುಟ್ಟಿದ ಮಕ್ಕಳಿಗೆ ಪೋಷಕರಾಗಬಹುದು. ಅಂದರೆ, ಬಬಲೇಶ್ವರದ ಶಾಲೆಯೊಂದರಲ್ಲಿ ತಮ್ಮನ ದಾಖಲಾತಿ ಅರ್ಜಿಗೆ ಹದಿನಾಲ್ಕರ ಅಕ್ಕನ ಸಹಿಯೇ ಸಾಕು. ಚಿಕಿತ್ಸೆ, ಬ್ಯಾಂಕ್ ಖಾತೆ, ಆಸ್ತಿಯ ನಿರ್ವಹಣೆಗೂ ಇದು ಅನ್ವಯ. ಇಷ್ಟು ಎಳೆಯ ಹೆಗಲಿಗೆ ಭಾರ ಹೊರಿಸುವುದು ಸರಿಯೇ ಎಂಬ ಪ್ರಶ್ನೆ ಸಹಜ. ಭಾರ ಮೊದಲೇ ಬಿದ್ದಿರುತ್ತದೆ, ಸಹಿಯ ಅಧಿಕಾರವಷ್ಟೇ ಇರಲಿಲ್ಲ.

ಬಂಧು ಅಥವಾ ಸ್ನೇಹಿತರೊಬ್ಬರನ್ನು ಮಕ್ಕಳ ಪೋಷಕರನ್ನಾಗಿ ಉಯಿಲಿನ ಮೂಲಕ ಮುಂಚಿತವಾಗಿಯೇ ನೇಮಿಸಲು 33ನೇ ಕಲಮು ತಂದೆತಾಯಿಗೆ ಅವಕಾಶ ಕೊಡುತ್ತದೆ. ಅವರು ಅಶಕ್ತರಾದಾಗ ಅಥವಾ ತೀರಿಕೊಂಡಾಗ ಅದು ಜಾರಿಗೆ ಬರುತ್ತದೆ. ಚೇತರಿಸಿಕೊಂಡು ಎದ್ದರೆ ಮಕ್ಕಳ ಹೊಣೆ ಮತ್ತೆ ಅವರಿಗೇ ಮರಳುತ್ತದೆ.