ಕಾರಿನ ಅಂದಕ್ಕೆ ಮರುಳಾಗುವ ಮುನ್ನ ಬ್ಯಾಟರಿಯ ಮೂಲ ಕೇಳಿ

ಮುಂಬಯಿ: ಮಹಾನಗರದ ತುಳು-ಕನ್ನಡಿಗರಿಗೂ ಶೇರು ಪೇಟೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು, ಬ್ಯಾಂಕಿನಿಂದ ನಿವೃತ್ತರಾದವರು, ಕಚೇರಿಗಳಲ್ಲಿ ದುಡಿಯುವವರು ತಮ್ಮ ಉಳಿತಾಯದ ಅಷ್ಟಿಷ್ಟನ್ನು ಶೇರುಗಳಲ್ಲಿ ತೊಡಗಿಸುತ್ತಲೇ ಬಂದಿದ್ದಾರೆ. ಇತ್ತೀಚೆಗೆ ಸಂಘ-ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ನಾಲ್ಕು ಮಂದಿ ಸೇರಿದರೆ ವಿದ್ಯುತ್ ಚಾಲಿತ ಕಾರಿನ ಮಾತು ಬಾರದೆ ಇರುವುದಿಲ್ಲ. ‘ಪೆಟ್ರೋಲಿನ ಕಾಲ ಮುಗಿಯಿತು, ಈಗಲೇ ಕಾರು ಕಂಪೆನಿಯ ಶೇರು ಕೊಂಡಿಡಿ’ ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಆ ಕಾರಿನ ಬ್ಯಾಟರಿ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ಉದ್ಯಮದಲ್ಲಿ ಗೆದ್ದವರು, ಸೋತವರು ಯಾರೆಂದು ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು ಎಂದರೆ ತಪ್ಪಾಗಲಾರದು.

ವಿದ್ಯುತ್ ಕಾರಿನ ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲು ಬ್ಯಾಟರಿಯದ್ದು. ಅದರ ಸಾಮರ್ಥ್ಯವನ್ನು ಅಳೆಯುವುದು ಕಿಲೋವ್ಯಾಟ್ ಗಂಟೆಯಲ್ಲಿ. ನಮ್ಮ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ ಅದೇ. 50 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಎಂದರೆ 50 ಯೂನಿಟ್ ವಿದ್ಯುತ್ ತುಂಬಿಕೊಳ್ಳುವ ಕೊಡ.

ರೇವಾ ಕಲಿಸಿದ ಪಾಠ

ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆ ಪಡಬಹುದಾದ ಸಂಗತಿಯೊಂದಿದೆ. ಟೆಸ್ಲಾ ಕಂಪೆನಿ ಹುಟ್ಟುವ ಮೊದಲೇ, 2001ರಲ್ಲಿ, ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದಿತ್ತು. ಚೇತನ್ ಮೈನಿ ಅವರ ಸಾರಥ್ಯದಲ್ಲಿ ತಯಾರಾದ ಈ ಪುಟ್ಟ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ಆದರೆ ಅದರೊಳಗಿದ್ದುದು ಮನೆಯ ಇನ್ವರ್ಟರಿನಲ್ಲಿರುವಂಥ ಸೀಸದ ಬ್ಯಾಟರಿ. ಭಾರ ಹೆಚ್ಚು, ಬಾಳಿಕೆ ಕಡಿಮೆ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. ಕೆಲವೇ ವರ್ಷಗಳಲ್ಲಿ ಬ್ಯಾಟರಿ ಬದಲಿಸುವ ಖರ್ಚು ಮಾಲೀಕನ ತಲೆಯ ಮೇಲೆ.

2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂದಾಗ ಓಟವೇನೋ 120 ಕಿ.ಮೀ.ಗೆ ಏರಿತು. ಆದರೆ ಆ ಕಾಲದಲ್ಲಿ ಲಿಥಿಯಂ ಬ್ಯಾಟರಿಯ ದರ ಒಂದು ಕಿಲೋವ್ಯಾಟ್ ಗಂಟೆಗೆ ಸಾವಿರ ಡಾಲರಿಗೂ ಹೆಚ್ಚು. ಕಾರಿಗೆ ಕನಸಿತ್ತು, ಜಾಣ್ಮೆಯಿತ್ತು, ಕೈಗೆಟಕುವ ಬ್ಯಾಟರಿ ಇರಲಿಲ್ಲ. 2010ರಲ್ಲಿ ನಮ್ಮ ಮುಂಬಯಿಯ ಮಹೀಂದ್ರ ಸಂಸ್ಥೆ ರೇವಾದ ಬಹುಪಾಲು ಶೇರುಗಳನ್ನು ಖರೀದಿಸಿತು. ಅದೇ ಬ್ಯಾಟರಿಯ ಸರಾಸರಿ ದರ 2024ರಲ್ಲಿ ಸುಮಾರು 115 ಡಾಲರಿಗೆ ಇಳಿದಿತ್ತು. ಇಂದು ರಸ್ತೆಯಲ್ಲಿ ಹಸಿರು ನಂಬರ್ ಪ್ಲೇಟಿನ ಕಾರುಗಳು ಹೆಚ್ಚಲು ಕಾರಣ ಕಾರಿನ ಸುಧಾರಣೆಗಿಂತಲೂ ಈ ದರದ ಇಳಿಕೆಯೇ.

ಬೆಸುಗೆ ತಪ್ಪಿತು, ಎರಡು ಕಂಪೆನಿ ಮುಳುಗಿತು

ಬ್ಯಾಟರಿ ಪೂರೈಸುವವನು ಎಡವಿದರೆ ಕಾರು ಮಾಡುವವನು ಏನಾಗುತ್ತಾನೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಕಣ್ಣು ತೆರೆಸುವಂಥದು. ಎಂಐಟಿ ವಿದ್ಯಾಸಂಸ್ಥೆಯ ಸಂಶೋಧನೆಯಿಂದ ಹುಟ್ಟಿದ ಎ123 ಸಿಸ್ಟಮ್ಸ್ ಎಂಬ ಬ್ಯಾಟರಿ ಕಂಪೆನಿ 2009ರ ಸೆಪ್ಟೆಂಬರಿನಲ್ಲಿ ಶೇರು ಪೇಟೆಗೆ ಬಂತು. 13.50 ಡಾಲರಿಗೆ ನೀಡಿದ ಶೇರು ಮೊದಲ ದಿನವೇ 20 ಡಾಲರ್ ದಾಟಿತು. ಸರಕಾರ 249 ಮಿಲಿಯ ಡಾಲರಿನ ಅನುದಾನವನ್ನೂ ಘೋಷಿಸಿತ್ತು. ಫಿಸ್ಕರ್ ಕಂಪೆನಿಯ ‘ಕರ್ಮ’ ಎಂಬ ಐಷಾರಾಮಿ ಕಾರಿಗೆ ಇದೇ ಬ್ಯಾಟರಿ.

2012ರ ಮಾರ್ಚ್‌ನಲ್ಲಿ ಗ್ರಾಹಕ ಪತ್ರಿಕೆಯೊಂದು ಪರೀಕ್ಷೆಗೆಂದು ಕೊಂಡ ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಯ ಕರ್ಮ ಕಾರು ಕೆಟ್ಟು ನಿಂತಿತು. ವಿಚಾರಿಸಿದರೆ, ಮಿಷಿಗನ್ ಕಾರ್ಖಾನೆಯ ಬೆಸುಗೆ ಯಂತ್ರವೊಂದನ್ನು ಸರಿಯಾಗಿ ಹೊಂದಿಸಿರಲಿಲ್ಲ! ದೋಷವಿದ್ದ ಬ್ಯಾಟರಿಗಳನ್ನು ಬದಲಿಸಲು ಸುಮಾರು 55 ಮಿಲಿಯ ಡಾಲರ್ ಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಎ123 ದಿವಾಳಿಯಾಯಿತು. ಬ್ಯಾಟರಿಯಿಲ್ಲದೆ ಕಾರು ತಯಾರಿಕೆ ನಿಲ್ಲಿಸಿದ್ದ ಫಿಸ್ಕರ್ 2013ರಲ್ಲಿ ಅದೇ ಹಾದಿ ಹಿಡಿಯಿತು. ಕೊನೆಗೆ ಎರಡನ್ನೂ ಕೊಂಡದ್ದು ಚೀನಾದ ವಾನ್‌ಷಿಯಾಂಗ್ ಸಂಸ್ಥೆ. ಮೊದಲ ದಿನದ ಏರಿಕೆ ನೋಡಿ ಶೇರು ಕೊಂಡು ಇಟ್ಟುಕೊಂಡ ಸಾಮಾನ್ಯ ಹೂಡಿಕೆದಾರನ ಕೈಯಲ್ಲಿ ಉಳಿದದ್ದು ಬರಿಯ ಕಾಗದ.

ದೊಡ್ಡವರೂ ಜಾರಿದರು

ಸಣ್ಣವರು ಮಾತ್ರ ಮೋಸ ಹೋಗುತ್ತಾರೆ ಎಂದುಕೊಳ್ಳಬೇಕಾಗಿಲ್ಲ. ಯುರೋಪಿಗೆ ಸ್ವಂತ ಬ್ಯಾಟರಿ ಬೇಕೆಂಬ ಹಂಬಲದಿಂದ ಸ್ವೀಡನ್ನಿನಲ್ಲಿ ನಾರ್ತ್‌ವೋಲ್ಟ್ ಎಂಬ ಕಂಪೆನಿ ಹುಟ್ಟಿತು. ಟೆಸ್ಲಾದಲ್ಲಿ ಅನುಭವ ಪಡೆದ ಪೀಟರ್ ಕಾರ್ಲ್‌ಸನ್ ಅದರ ಮುಖ್ಯಸ್ಥ. ಫೋಕ್ಸ್‌ವ್ಯಾಗನ್, ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ಘಟಾನುಘಟಿಗಳು ಹಣ ಹೂಡಿದರು. ಆದರೆ ಕಾರ್ಖಾನೆಯಿಂದ ಹೊರಬಂದ ಬ್ಯಾಟರಿ ಎಣಿಸಿದ್ದಕ್ಕಿಂತ ತೀರಾ ಕಡಿಮೆ. 2024ರ ಜೂನಿನಲ್ಲಿ ಬಿಎಂಡಬ್ಲ್ಯು 200 ಕೋಟಿ ಯುರೋ ಮೌಲ್ಯದ ಆರ್ಡರನ್ನು ರದ್ದುಪಡಿಸಿತು. ಆ ನವೆಂಬರಿನಲ್ಲಿ ಕಂಪೆನಿ ಅಮೆರಿಕದ ನ್ಯಾಯಾಲಯದ ಮೊರೆ ಹೊಕ್ಕಿತು. 2025ರ ಮಾರ್ಚ್‌ನಲ್ಲಿ ಸ್ವೀಡನ್ನಿನಲ್ಲೇ ದಿವಾಳಿ ಅರ್ಜಿ ಸಲ್ಲಿಸಿತು.

ಹೀಗೇಕೆ? ಹತ್ತು ಮಂದಿಗೆ ರುಚಿಯಾಗಿ ಪತ್ರೊಡೆ ಮಾಡುವವರೆಲ್ಲ ಸಾವಿರ ಮಂದಿಯ ಮದುವೆಯೂಟ ನಿಭಾಯಿಸಲಾರರು. ಬ್ಯಾಟರಿಯೂ ಹಾಗೆಯೇ. ಪ್ರಯೋಗಾಲಯದಲ್ಲಿ ಒಂದು ಸೆಲ್ ಮಾಡುವುದು ಬೇರೆ, ಲಕ್ಷಗಟ್ಟಲೆ ಸೆಲ್‌ಗಳನ್ನು ಒಂದೇ ಗುಣಮಟ್ಟದಲ್ಲಿ ಮಾಡುವುದು ಬೇರೆ. ತೇವವಿಲ್ಲದ ಕೋಣೆ, ಕೂದಲೆಳೆಯಷ್ಟು ತೆಳುವಾದ ಲೇಪ, ಧೂಳಿನ ಕಣವೂ ಸೇರದ ಎಚ್ಚರ ಬೇಕು. ನೂರರಲ್ಲಿ ಮೂವತ್ತು ಸೆಲ್ ತಿಪ್ಪೆಗೆ ಹೋದರೆ ಲಾಭದ ಮಾತೇ ಇಲ್ಲ. ದೋಷ ಕಣ್ತಪ್ಪಿ ಹೊರಬಿದ್ದರಂತೂ ಇನ್ನೂ ದುಬಾರಿ. ಜನರಲ್ ಮೋಟಾರ್ಸ್ ತನ್ನ ಬೋಲ್ಟ್ ಕಾರುಗಳನ್ನು ಬೆಂಕಿಯ ಭಯದಿಂದ 2021ರಲ್ಲಿ ಹಿಂದಕ್ಕೆ ಕರೆಸಿಕೊಂಡಾಗ ಬ್ಯಾಟರಿ ನೀಡಿದ್ದ ಎಲ್‌ಜಿ ಸಂಸ್ಥೆ ಸುಮಾರು 190 ಕೋಟಿ ಡಾಲರ್ ಭರಿಸಬೇಕಾಯಿತು.

ಬ್ಯಾಟರಿಯಿಂದ ಕಾರಿಗೆ

ಗೆದ್ದವರ ದಾರಿ ಬೇರೆ. ಚೀನಾದ ಬಿವೈಡಿ 1995ರಲ್ಲಿ ಆರಂಭವಾದುದು ಬ್ಯಾಟರಿ ಕಂಪೆನಿಯಾಗಿ; ಕಾರು ತಯಾರಿಕೆಗೆ ಇಳಿದದ್ದು 2003ರಲ್ಲಿ. ಮೊದಲು ಬ್ಯಾಟರಿ, ಮತ್ತೆ ಕಾರು! 2008ರಲ್ಲಿ ವಾರನ್ ಬಫೆಟ್ ಅವರ ಸಂಸ್ಥೆ ಇದರಲ್ಲಿ 230 ಮಿಲಿಯ ಡಾಲರ್ ಹೂಡಿ, ಹದಿನಾಲ್ಕು ವರ್ಷ ಕೈಹಚ್ಚದೆ ಕಾದು, ಹಲವು ಪಟ್ಟು ಲಾಭ ಗಳಿಸಿತು. 2011ರಲ್ಲಿ ಹುಟ್ಟಿದ ಸಿಎಟಿಎಲ್ ಇಂದು ಜಗತ್ತಿನ ಅತಿ ದೊಡ್ಡ ಕಾರು ಬ್ಯಾಟರಿ ತಯಾರಕ.

ಇವರು ನೆಚ್ಚಿಕೊಂಡದ್ದು ‘ಎಲ್‌ಎಫ್‌ಪಿ’ ಎಂಬ ಕಬ್ಬಿಣ-ರಂಜಕದ ಬ್ಯಾಟರಿಯನ್ನು. ನಿಕ್ಕೆಲ್-ಕೋಬಾಲ್ಟ್ ಬ್ಯಾಟರಿಗಿಂತ ಇದು ತುಸು ಭಾರ. ಆದರೆ ಅಗ್ಗ, ಬಾಳಿಕೆ ಹೆಚ್ಚು, ಬೆಂಕಿಯ ಭಯ ಕಡಿಮೆ. ಕಾಂಗೋ ದೇಶದ ಕೋಬಾಲ್ಟ್ ಗಣಿಗಳ ಹಂಗೂ ಇಲ್ಲ.

ನಮ್ಮ ದೇಶದಲ್ಲಿ

ಪುಣೆ ಸಮೀಪದ ಚಾಕಣದಲ್ಲಿ ತಯಾರಾಗುವ ಮಹೀಂದ್ರದ ಬಿಇ 6 ಕಾರಿನ ಬ್ಯಾಟರಿಯೂ ಇದೇ ಬಗೆಯದು. 2024ರ ನವೆಂಬರಿನಲ್ಲಿ ಅನಾವರಣಗೊಂಡಾಗ ಅದಕ್ಕೆ ಸೆಲ್ ಪೂರೈಸಿದ್ದು ಬಿವೈಡಿ. ಅಂದರೆ ಪೆಟ್ಟಿಗೆ ನಮ್ಮದು, ಒಳಗಿನ ಜೀವ ಹೊರಗಿನದು. 2025ರ ಜುಲೈಯಲ್ಲಿ ಚೀನಾ ಎಲ್‌ಎಫ್‌ಪಿ ತಯಾರಿಕೆಯ ಕೆಲವು ತಂತ್ರಜ್ಞಾನಗಳ ರಫ್ತಿಗೆ ಕಡಿವಾಣ ಹಾಕಿದ ಮೇಲಂತೂ ಈ ಅವಲಂಬನೆಯ ಅಪಾಯ ಎಲ್ಲರ ಅರಿವಿಗೆ ಬಂದಿದೆ.

ಕೇಂದ್ರ ಸರಕಾರ 2021ರಲ್ಲೇ ದೇಶೀಯ ಸೆಲ್ ತಯಾರಿಕೆಗೆ 18,100 ಕೋಟಿ ರೂಪಾಯಿಯ ಉತ್ತೇಜನ ಯೋಜನೆ ಪ್ರಕಟಿಸಿತು. ಟಾಟಾ ಸಮೂಹದ ಅಗ್ರತಾಸ್ ಗುಜರಾತಿನ ಸಾಣಂದದಲ್ಲಿ, ಅಮರ ರಾಜಾ ಹೈದರಾಬಾದಿಗೆ ಹತ್ತಿರದ ಮಹಬೂಬ್‌ನಗರದಲ್ಲಿ, ಎಕ್ಸೈಡ್ ನಮ್ಮ ಬೆಂಗಳೂರಿನ ಬಳಿ ಕಾರ್ಖಾನೆಗೆ ಕೈಹಾಕಿದವು. ಎಕ್ಸೈಡ್ ಯೋಜನೆಯ ಗುರಿ 12 ಗಿಗಾವ್ಯಾಟ್ ಗಂಟೆ. ಪೂರ್ಣಗೊಂಡರೆ 50 ಯೂನಿಟ್ಟಿನ ಬ್ಯಾಟರಿಯ 2.4 ಲಕ್ಷ ಕಾರುಗಳಿಗೆ ವರ್ಷಕ್ಕೆ ಸಾಕಾಗುವಷ್ಟು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇರಬಹುದೆಂಬ ಅಂದಾಜೂ 2021ರಲ್ಲಿ ಸುದ್ದಿಯಾಗಿತ್ತು. ಆದರೆ ಅಂದಾಜು ಗಣಿಯಲ್ಲ, ಶಿಲಾನ್ಯಾಸ ಉತ್ಪಾದನೆಯಲ್ಲ ಎಂಬುದನ್ನು ಮರೆಯಬಾರದು.

ಕೇಳಬೇಕಾದ ನಾಲ್ಕು ಪ್ರಶ್ನೆ

ಈ ಲೇಖನ ಯಾವ ಶೇರನ್ನೂ ಕೊಳ್ಳಿ ಅಥವಾ ಮಾರಿ ಎಂದು ಹೇಳುವುದಿಲ್ಲ. ಹಣ ತೊಡಗಿಸುವ ಮುನ್ನ ಕಂಪೆನಿಯ ವಾರ್ಷಿಕ ವರದಿಯಲ್ಲಿ ನಾಲ್ಕು ಉತ್ತರ ಹುಡುಕಿ ಎನ್ನುವುದಷ್ಟೇ ವಿನಂತಿ. ಒಂದು, ಸೆಲ್ ಯಾರದು, ಪೂರೈಕೆಯ ಕರಾರು ಎಷ್ಟು ವರ್ಷದ್ದು? ಎರಡು, ಒಬ್ಬನೇ ಪೂರೈಕೆದಾರನೋ, ಅವನು ಕೈಕೊಟ್ಟರೆ ಇನ್ನೊಬ್ಬನಿದ್ದಾನೆಯೋ? ಮೂರು, ಬ್ಯಾಟರಿ ಕಂಪೆನಿಯಾದರೆ ಘೋಷಿಸಿದ ಸಾಮರ್ಥ್ಯವೆಷ್ಟು, ನಿಜವಾಗಿ ಮಾರಿದ್ದೆಷ್ಟು? ನಾಲ್ಕು, ದೋಷ ಕಂಡುಬಂದರೆ ಖರ್ಚು ಯಾರದು?

‘ಹೊಸ ತಂತ್ರಜ್ಞಾನ ಬರಲಿದೆ’ ಎಂಬ ಮಾತಿಗೂ ಎಚ್ಚರ ಅಗತ್ಯ. ಘನ ಬ್ಯಾಟರಿಯ ಭರವಸೆ ನೀಡಿದ ಅಮೆರಿಕದ ಕ್ವಾಂಟಮ್‌ಸ್ಕೇಪ್ ಶೇರು 2020ರ ಡಿಸೆಂಬರಿನಲ್ಲಿ 130 ಡಾಲರ್ ಮುಟ್ಟಿತ್ತು. ಎರಡೇ ವರ್ಷದಲ್ಲಿ 10 ಡಾಲರಿಗಿಂತ ಕೆಳಗಿಳಿಯಿತು.

ಹೋಟೆಲ್ ಉದ್ಯಮದಲ್ಲಿ ಪಳಗಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡು ಎಷ್ಟೇ ಝಗಮಗಿಸಲಿ, ಬೆಳಗ್ಗೆ ಹಾಲು ಬಾರದಿದ್ದರೆ ಅಂದಿನ ಚಹಾ ಇಲ್ಲ. ಹಾಲಿನವನನ್ನು ವಿಚಾರಿಸದೆ ಹೋಟೆಲು ತೆರೆಯದವರು, ಬ್ಯಾಟರಿಯವನನ್ನು ವಿಚಾರಿಸದೆ ಬೆವರಿನ ದುಡ್ಡು ತೊಡಗಿಸದಿರಲಿ.